ಗೋಡೆಗೆ ಮುಖ ಮಾಡಿದ ಮೂವತ್ತಮೂರು ಯಂತ್ರಗಳು

ನಿಮ್ಮ ಕಪಾಟಿನಲ್ಲಿ ಯಾವುದಾದರೊಂದು ಕಂಪನಿಯ ಶೇರು ಪತ್ರ ಇದ್ದರೆ ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ. ಆ ಕಂಪನಿ ತಯಾರಿಸುವ ವಸ್ತುವನ್ನು ಕೊಂಡು ದಿನವೂ ಬಳಸುವ ಒಬ್ಬನೇ ಒಬ್ಬ ಮನುಷ್ಯನ ಜೊತೆ ನೀವು ಎಂದಾದರೂ ಮಾತನಾಡಿದ್ದೀರಾ? ವಾರ್ಷಿಕ ವರದಿ ಓದಿರಬಹುದು, ಸಭೆಗೆ ಹೋಗಿ ಕೈ ಎತ್ತಿಯೂ ಇರಬಹುದು. ನಾನೂ ಅಷ್ಟು ಮಾಡಿದ್ದೆ. ಅಷ್ಟರ ಬಲದ ಮೇಲೆ ಒಬ್ಬ ಪ್ರಾಮಾಣಿಕನನ್ನು ತುಂಬಿದ ಸಭೆಯಲ್ಲಿ ಕಳ್ಳನೆಂದು ಸಾಧಿಸಿದೆ.

ಅದು 1983. ಮಂಗಳೂರಿನ ಅತ್ತಾವರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಕಚೇರಿ. ವಕೀಲಿ ಆರಂಭಿಸಿ ಎಂಟು ವರ್ಷವಾಗಿತ್ತು. ಕಂಪನಿ ಕಾನೂನನ್ನೇ ಮುಖ್ಯವಾಗಿ ಹಿಡಿದುಕೊಂಡಿದ್ದ ವಕೀಲರು ಊರಿನಲ್ಲಿ ಕಡಿಮೆ, ಹೆಂಗಸರಂತೂ ನನಗೆ ತಿಳಿದ ಮಟ್ಟಿಗೆ ಬೇರೆ ಇರಲಿಲ್ಲ. ತಂದೆಯವರು ದೇವಸ್ಥಾನದ ಅರ್ಚಕರು. ಸಣ್ಣ ಉಳಿತಾಯದವರ ಹಣವನ್ನು ದೊಡ್ಡ ಮಾತಿನವರಿಂದ ರಕ್ಷಿಸಬೇಕು ಎಂಬುದು ನನ್ನ ಆಗಿನ ವ್ರತ. ಆ ವಿಷಯದ ಮೇಲೆ ಪತ್ರಿಕೆಗಳಿಗೆ ಬರೆಯುತ್ತಿದ್ದೆ, ಮಹಿಳಾ ಸಮಾಜಗಳಲ್ಲಿ ಭಾಷಣ ಮಾಡುತ್ತಿದ್ದೆ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಯ ಫಲಕವನ್ನು ಎರಡು ವರ್ಷ ಗೆದ್ದವಳು. ನಮ್ಮನ್ನು ತಯಾರು ಮಾಡುತ್ತಿದ್ದ ಅಧ್ಯಾಪಕರು ಒಂದು ಮಾತು ಹೇಳುತ್ತಿದ್ದರು: ಎದುರಾಳಿಯ ಬಾಯಿ ಕಟ್ಟಿದ ಕ್ಷಣವೇ ನೀವು ಗೆದ್ದ ಕ್ಷಣ, ಅದರ ಮೇಲೆ ಒಂದು ಮಾತೂ ಆಡದೆ ಕುಳಿತುಬಿಡಿ. ಆ ಉಪದೇಶ ನನ್ನ ವೃತ್ತಿಗೆ ಎಷ್ಟು ಅನುಕೂಲ ಮಾಡಿತೋ ಅಷ್ಟೇ ಹಾನಿಯನ್ನೂ ಮಾಡಿತು.

ಈ ಕಂಪನಿಯ ಹೆಸರನ್ನು ಬರೆಯುವುದಿಲ್ಲ, ವ್ಯಕ್ತಿಗಳ ಹೆಸರುಗಳನ್ನು ಬದಲಿಸಿದ್ದೇನೆ. ಅದನ್ನು ಕಟ್ಟಿದವರು ಸದಾಶಿವ ಆಚಾರ್ಯ. ಚಿನ್ನದ ಕೆಲಸದ ಮನೆತನದಿಂದ ಬಂದು ಇಂಜಿನಿಯರಿಂಗ್ ಓದಿ, ಹೊರಗಿನ ಕೆಲಸ ಬಿಟ್ಟು ಊರಿಗೆ ಮರಳಿದ್ದರು. ಮಾತು ತೀರ ಕಡಿಮೆ. ಸೊಲ್ಡರಿಂಗ್ ಕಡ್ಡಿ ಹಿಡಿದರೆ ಮಾತ್ರ ಆ ಬೆರಳುಗಳಿಗೆ ಜೀವ ಬರುತ್ತಿತ್ತು. 1978ರಲ್ಲಿ ಅವರು ನನ್ನ ಬಳಿಗೆ ಬಂದು ಕಂಪನಿಯ ಮೆಮೊರಾಂಡಮ್ ಮತ್ತು ಆರ್ಟಿಕಲ್ಸ್, ಅಂದರೆ ಕಂಪನಿಯ ಉದ್ದೇಶ ಮತ್ತು ಒಳನಿಯಮಗಳ ಪತ್ರಗಳನ್ನು ಬರೆಸಿಕೊಂಡರು. ಕೊಡಲು ಕೈಯಲ್ಲಿ ಹಣವಿರಲಿಲ್ಲ. ನನ್ನ ಸಂಭಾವನೆಯ ಬದಲಿಗೆ ಹತ್ತು ಶೇರು ಬರೆದುಕೊಟ್ಟರು. ಹಾಗೆ ನಾನು ಶೇರುದಾರಳಾದೆ.

ಅವರು ತಯಾರಿಸುತ್ತಿದ್ದುದು ಮೀನುಗಾರಿಕೆ ಬೋಟುಗಳಿಗೆ ಬೇಕಾಗುವ ಎಕೋ ಸೌಂಡರ್. ಬೋಟಿನ ತಳಕ್ಕೆ ಜೋಡಿಸಿದ ಟ್ರಾನ್ಸ್‌ಡ್ಯೂಸರ್ ಎಂಬ ಭಾಗ ನೀರಿನೊಳಕ್ಕೆ ಶಬ್ದವನ್ನು ಕಳುಹಿಸುತ್ತದೆ. ಅದು ಕಡಲ ತಳಕ್ಕೋ ಮೀನಿನ ಗುಂಪಿಗೋ ಬಡಿದು ಹಿಂದಕ್ಕೆ ಬರುತ್ತದೆ. ಹೋಗಿ ಬಂದ ಹೊತ್ತನ್ನು ಅಳೆದರೆ ಆಳ ತಿಳಿಯುತ್ತದೆ. ಚುಕ್ಕಾಣಿಯ ಪಕ್ಕದ ಪೆಟ್ಟಿಗೆಯಲ್ಲಿ ಒಂದು ದುಂಡು ಡಯಲ್, ಅದರ ಹಿಂದೆ ತಿರುಗುವ ತಟ್ಟೆ, ಆಳ ಎಷ್ಟೋ ಅಲ್ಲಿ ಕೆಂಪು ಬೆಳಕಿನ ಒಂದು ಗೆರೆ. ಹೊರಗಿನಿಂದ ಬರುತ್ತಿದ್ದ ಯಂತ್ರಗಳ ಬೆಲೆ ಸಣ್ಣ ಬೋಟಿನವರಿಗೆ ನಿಲುಕುತ್ತಿರಲಿಲ್ಲ. ಆಚಾರ್ಯರ ಯಂತ್ರ ಅದರ ಮೂರರಲ್ಲೊಂದು ಬೆಲೆಯದು. ಡಯಲಿನ ಮೇಲೆ ಕನ್ನಡ ಅಂಕಿಗಳಲ್ಲಿ, ಮಾರುಗಳ ಲೆಕ್ಕದಲ್ಲಿ ಆಳ ಬರೆದಿರುತ್ತಿತ್ತು. ಹಗ್ಗಕ್ಕೆ ಗುಂಡು ಕಟ್ಟಿ ಮಾರು ಹಾಕಿ ಅಳೆಯುತ್ತಿದ್ದವರಿಗೆ ಅದು ತಮ್ಮದೇ ಭಾಷೆಯ ಯಂತ್ರ.

ಶೇರುದಾರರು ಒಟ್ಟು ಮೂವತ್ತೆಂಟು ಜನ. ಹೋಟೆಲ್ ಉದ್ಯಮಿ ಕೃಷ್ಣಪ್ಪ ಶೆಟ್ಟರದು ದೊಡ್ಡ ಪಾಲು, ಐದರಲ್ಲಿ ಒಂದು. ಆಚಾರ್ಯರದು ಅದಕ್ಕಿಂತ ಕೊಂಚ ಕಡಿಮೆ. ಟ್ರಾಲರ್ ಎಂಬ ದೊಡ್ಡ ಬೋಟುಗಳ ಮಾಲೀಕರು ಮೂವರು. ಉಳಿದವರು ಶಾಲಾ ಮಾಸ್ತರರು, ಬ್ಯಾಂಕಿನ ಗುಮಾಸ್ತರು, ದೇವಸ್ಥಾನಕ್ಕೆ ಬರುತ್ತಿದ್ದ ತಂದೆಯವರ ಪರಿಚಿತರು. ಭಟ್ರ ಮಗಳು ಕಾಗದಪತ್ರ ಮಾಡಿದ್ದಾಳೆ ಎಂಬ ಒಂದೇ ನಂಬಿಕೆಯಿಂದ ಹಣ ಹಾಕಿದವರು ಅವರಲ್ಲಿ ಹನ್ನೊಂದು ಮಂದಿ.

ಐದು ವರ್ಷ ಕಳೆದರೂ ಲಾಭಾಂಶ ಬರಲಿಲ್ಲ. ಪ್ರತಿ ವರದಿಯಲ್ಲೂ ಮಾರಾಟ ಏರುತ್ತಿತ್ತು, ಪ್ರತಿ ವರ್ಷವೂ ಕಂಪನಿ ಇನ್ನಷ್ಟು ಬಡವಾಗುತ್ತಿತ್ತು. ಆ ಸಲದ ವರದಿಗೆ ಆಚಾರ್ಯರು ಒಂದು ಪಟ್ಟಿಯನ್ನೂ ಲಗತ್ತಿಸಿದ್ದರು. ಈವರೆಗೆ ಮಾರಾಟವಾದ ನಲವತ್ತೊಂದು ಯಂತ್ರಗಳು, ಸೀರಿಯಲ್ ನಂಬರಿನ ಸಮೇತ, ಯಾವ ಯಾವ ಬೋಟಿಗೆ ಹೋಗಿವೆ ಎಂಬ ವಿವರದ ಸಮೇತ. ಮಗಳ ಅಂಕಪಟ್ಟಿ ತೋರಿಸುವ ತಂದೆಯ ಉತ್ಸಾಹ ಅದರಲ್ಲಿತ್ತು. ಇಷ್ಟು ವಿವರ ಯಾರೂ ಕೇಳಿರಲಿಲ್ಲವಲ್ಲ, ಇವರೇಕೆ ಕೊಟ್ಟರು ಎಂಬುದು ನನಗೆ ಮೊದಲು ಹೊಳೆದ ಯೋಚನೆ.

ಜೂನ್ ಕೊನೆಯ ವಾರ ಕೈಗಾರಿಕಾ ವಸಾಹತಿನಲ್ಲಿದ್ದ ಅವರ ಶೆಡ್ಡಿಗೆ ಹೇಳದೆ ಕೇಳದೆ ಹೋದೆ. ಕಾನೂನಿನ ಪ್ರಕಾರ ಶೇರುದಾರನು ಸದಸ್ಯರ ರಿಜಿಸ್ಟರನ್ನೂ ಸಾಮಾನ್ಯ ಸಭೆಯ ನಡಾವಳಿಯನ್ನೂ ನೋಡಬಹುದು. ಲೆಕ್ಕದ ಪುಸ್ತಕ, ದಾಸ್ತಾನು ಇತ್ಯಾದಿಗಳನ್ನು ನೋಡುವ ಹಕ್ಕು ಅವನಿಗೆ ಇಲ್ಲ. ಇದು ನನಗೆ ಗೊತ್ತಿತ್ತು. ಆಚಾರ್ಯರಿಗೆ ಗೊತ್ತಿರಲಿಕ್ಕಿಲ್ಲ ಎಂದುಕೊಂಡೇ ಹೋದೆ. ಹನ್ನೆರಡು ಹೆಣ್ಣುಮಕ್ಕಳು ಸಾಲಾಗಿ ಕುಳಿತು ಸೊಲ್ಡರಿಂಗ್ ಮಾಡುವ ಮೇಜಿನಲ್ಲಿ ಅಂದು ನಾಲ್ವರೇ ಇದ್ದರು. ಮಳೆಗಾಲದಲ್ಲಿ ಆರ್ಡರ್ ಇಲ್ಲ, ಸರದಿಯ ಮೇಲೆ ಬರುತ್ತಾರೆ ಎಂದರು ಆಚಾರ್ಯರು. ಕೇಳಿದ್ದಕ್ಕೆಲ್ಲ ಕಾಗದ ತಂದು ತೋರಿಸಿದರು. ವಿದ್ಯುತ್ ಬಿಲ್ಲುಗಳನ್ನು ತಿರುವಿ ಹಾಕಿದಾಗ ಒಂದು ವಿಚಿತ್ರ ಕಂಡಿತು. ಕೆಲಸ ಕಡಿಮೆಯಿರುವ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲೇ ಪ್ರತಿ ವರ್ಷ ಬಿಲ್ಲು ಜಾಸ್ತಿ. ಕಾರಣ ಕೇಳಿದೆ. ಮಳೆಗಾಲ ಅಲ್ವಾ, ಬೇಕಾಗ್ತದೆ ಎಂದಷ್ಟೇ ಹೇಳಿದರು.

ಶೆಡ್ಡಿನ ಹಿಂಬದಿಗೆ ಒಂದು ಕೋಣೆಯಿತ್ತು. ಅದಕ್ಕೆ ಎರಡು ಬೀಗ. ಅದನ್ನು ತೆರೆಯಿರಿ ಎಂದೆ.

"ಅದು ಬೇಡ ಅಕ್ಕ," ಎಂದರು ಆಚಾರ್ಯರು. "ಅದರೊಳಗೆ ಇರುವುದು ನಮ್ಮದಲ್ಲ."

ತಲೆಯಾಡಿಸಿದೆ. ಚಹಾ ತರಲು ಅವರು ಆಚೆ ಹೋದ ಹೊತ್ತಿಗೆ ಕೊಡೆ ಬಿಡಿಸಿಕೊಂಡು ಶೆಡ್ಡಿನ ಹಿಂದಕ್ಕೆ ನಡೆದೆ. ಆ ಕೋಣೆಗೆ ಸಣ್ಣದೊಂದು ಗಾಜಿನ ಕಿಟಕಿ. ಒಳಗೆ ಹಾಡಹಗಲಲ್ಲೇ ದೀಪ ಉರಿಯುತ್ತಿತ್ತು, ಅದೂ ಒಂದಲ್ಲ, ಪ್ರತಿ ಹಲಗೆಯ ಕೆಳಗೂ ಒಂದೊಂದು ಬಲ್ಬು. ಹಲಗೆಗಳ ತುಂಬ ಎಕೋ ಸೌಂಡರುಗಳು. ಅಂಗಡಿಯಲ್ಲಿ ಸಾಮಾನು ಜೋಡಿಸುವಂತೆ ಮುಖ ಇತ್ತ ಮಾಡಿ ಇಟ್ಟಿರಲಿಲ್ಲ. ಎಲ್ಲ ಪೆಟ್ಟಿಗೆಗಳ ಡಯಲೂ ಗೋಡೆಯ ಕಡೆಗೆ, ಬೆನ್ನು ನನ್ನ ಕಡೆಗೆ. ಬೆನ್ನಿನ ಮೇಲೆ ಸೀರಿಯಲ್ ನಂಬರಿನ ಹಿತ್ತಾಳೆ ತಗಡು. ವರದಿಯ ಪಟ್ಟಿ ಚೀಲದಲ್ಲಿತ್ತು. ಕೊಡೆಯನ್ನು ಭುಜಕ್ಕೆ ಒತ್ತಿ ಹಿಡಿದು ಒಂದೊಂದೇ ನಂಬರಿಗೆ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದೆ. ಮಾರಾಟವಾಗಿವೆ ಎಂದು ಬರೆದಿದ್ದ ನಲವತ್ತೊಂದರಲ್ಲಿ ಮೂವತ್ತಮೂರು ಆ ಕೋಣೆಯಲ್ಲಿದ್ದವು.

ಆ ಗಳಿಗೆಯ ನನ್ನ ಮನಸ್ಥಿತಿಯನ್ನು ಮುಚ್ಚಿಡುವುದಿಲ್ಲ. ನನಗೆ ದುಃಖವಾಗಲಿಲ್ಲ, ಸಂತೋಷವಾಯಿತು. ಕಂಪನಿಗಳ ವಂಚನೆಯಲ್ಲಿ ಇದು ಹಳೆಯ ಬಗೆ. ಮಾರ್ಚ್ ಮೂವತ್ತೊಂದರ ಮೊದಲು ಪರಿಚಿತರ ಹೆಸರಿಗೆ ಸರಕು ಮಾರಿದಂತೆ ತೋರಿಸುವುದು, ಲೆಕ್ಕದ ವರ್ಷ ದಾಟಿದ ಮೇಲೆ ಸದ್ದಿಲ್ಲದೆ ಹಿಂದಕ್ಕೆ ತರುವುದು. ನಮ್ಮದಲ್ಲ ಎಂಬ ಅವರ ಮಾತು ಕೂಡ ನನಗೆ ಬಾಯಿ ತಪ್ಪಿ ಬಂದ ತಪ್ಪೊಪ್ಪಿಗೆಯಂತೆ ಕೇಳಿಸಿತು. ಇವರೇ ಮಾಡಿದ ಯಂತ್ರ, ಇವರದೇ ನಂಬರು, ಇವರದಲ್ಲವಂತೆ. ಚಹಾ ಕುಡಿದು, ವಂದನೆ ಹೇಳಿ ಬಂದೆ. ಅವರನ್ನು ಏನೂ ಕೇಳಲಿಲ್ಲ. ಕೇಳಿದರೆ ಅವರು ಎಚ್ಚರಗೊಳ್ಳುತ್ತಾರೆ ಎಂಬ ಲೆಕ್ಕಾಚಾರ.

ಹತ್ತರಲ್ಲೊಂದು ಪಾಲು ಶೇರಿನವರು ಸಹಿ ಹಾಕಿದರೆ ವಿಶೇಷ ಸಾಮಾನ್ಯ ಸಭೆಯನ್ನು ಕರೆಯಿಸಬಹುದು. ತಂದೆಯವರ ಪರಿಚಿತರಿಂದ ಸಹಿ ಹಾಕಿಸಿದೆ. ಸ್ವಇಚ್ಛೆಯಿಂದ ಕಂಪನಿಯನ್ನು ಮುಚ್ಚಿ, ಉಳಿದದ್ದನ್ನು ಹಂಚಿಕೊಳ್ಳುವ ವಿಶೇಷ ಠರಾವು ನನ್ನದು. ಅದಕ್ಕೆ ನಾಲ್ಕರಲ್ಲಿ ಮೂರು ಪಾಲು ಮತ ಬೇಕು. ಆಚಾರ್ಯರೂ ಶೆಟ್ಟರೂ ಒಂದು ಕಡೆ ನಿಂತರೆ ಠರಾವು ಬೀಳುತ್ತದೆ, ಶೆಟ್ಟರು ನನ್ನ ಕಡೆ ಬಂದರೆ ಗೆಲ್ಲುತ್ತದೆ. ಗೆದ್ದರೆ ಆಚಾರ್ಯರ ಕಾರ್ಖಾನೆ ಹೋಗುತ್ತದೆ, ಹನ್ನೆರಡು ಹೆಣ್ಣುಮಕ್ಕಳ ಕೆಲಸ ಹೋಗುತ್ತದೆ, ಆಚಾರ್ಯರ ಹೆಸರಿಗೆ ಎಂದೂ ಹೋಗದ ಕಳಂಕ ಅಂಟುತ್ತದೆ. ಇದೆಲ್ಲ ಗೊತ್ತಿದ್ದೂ ನ್ಯಾಯ ಎಂದುಕೊಂಡಿದ್ದೆ.

ಸಭೆ ನಡೆದದ್ದು ಆಗಸ್ಟ್ ಮೊದಲ ವಾರ, ಹಂಪನಕಟ್ಟೆಯ ಬಳಿ ಶೆಟ್ಟರ ಹೋಟೆಲಿನ ಮಹಡಿಯಲ್ಲಿ. ಅಧ್ಯಕ್ಷತೆಯೂ ಅವರದೇ. ಮೂರು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ. ಕೆಲಸವಿಲ್ಲದ ತಿಂಗಳುಗಳಲ್ಲಿ ವಿದ್ಯುತ್ ಏಕೆ ಹೆಚ್ಚು ಉರಿಯುತ್ತದೆ? ಶೇರುದಾರರಿಗೆ ತೆರೆಯಲಾಗದ, ಎರಡು ಬೀಗದ ಕೋಣೆಯಲ್ಲಿ ಏನಿದೆ? ಇವೆರಡಕ್ಕೂ ಉತ್ತರ ಬಾರದಿದ್ದಾಗ ಮೂರನೆಯದನ್ನು ಎತ್ತಿದೆ. ಮಾರಿದ್ದೇವೆಂದು ಬರೆದ ಮೂವತ್ತಮೂರು ಯಂತ್ರಗಳು ಈ ಹೊತ್ತಿನಲ್ಲಿ ಆ ಕೋಣೆಯ ಹಲಗೆಗಳ ಮೇಲೆ ಏಕೆ ಇವೆ? ಪಟ್ಟಿಯನ್ನು ಎತ್ತಿ ಹಿಡಿದು ನಂಬರನ್ನೂ ಬೋಟಿನ ಹೆಸರನ್ನೂ ಒಂದೊಂದಾಗಿ ಓದಿದೆ.

ಆಚಾರ್ಯರು ನನ್ನನ್ನು ನೋಡಲಿಲ್ಲ. ಎರಡನೆಯ ಸಾಲಿನಲ್ಲಿ ಕುಳಿತಿದ್ದ ಟ್ರಾಲರ್ ಮಾಲೀಕರನ್ನು ನೋಡಿದರು. ಆ ಮೂವರು ತಲೆ ಎತ್ತಿ, ನಾನು ಓದುವುದನ್ನು ಬಹಳ ಶ್ರದ್ಧೆಯಿಂದ ಕೇಳುತ್ತಿದ್ದರು. ಒಬ್ಬರು ಬರೆದುಕೊಳ್ಳುತ್ತಲೂ ಇದ್ದರು. ಸತ್ಯದ ಪಕ್ಷಕ್ಕೆ ಜನ ಸಿಕ್ಕರೆಂದು ನಾನು ಹಿಗ್ಗಿದೆ.

"ಆ ಕೋಣೆಯ ವಿಷಯ ನಾನು ಹೇಳ್ಲಿಕ್ಕಿಲ್ಲ," ಎಂದರು ಆಚಾರ್ಯರು ಕೊನೆಗೆ. "ನಿಮಗೆ ಎಂತ ಬೇಕೋ ಹಾಗೆ ಮಾಡಿ."

ಎದುರಾಳಿಯ ಬಾಯಿ ಕಟ್ಟಿತು. ಕಲಿತ ಪಾಠದಂತೆ ನಾನು ಸುಮ್ಮನೆ ಕುಳಿತೆ. ಚಪ್ಪಾಳೆಯೂ ಬಿತ್ತು. ಆಚಾರ್ಯರು ಶೆಟ್ಟರ ಹತ್ತಿರ ಹೊರಡುತ್ತೇನೆ ಎಂದಷ್ಟೇ ಹೇಳಿ, ಕಾಫಿಗೂ ನಿಲ್ಲದೆ ಮೆಟ್ಟಿಲಿಳಿದು ಹೋದರು. ಸಭೆಯಲ್ಲಿ ಎಲ್ಲರೂ ಮತದಾನಕ್ಕೆ ಆತುರಪಡುತ್ತಿದ್ದರು. ಶೆಟ್ಟರು ಮಾತ್ರ ಕನ್ನಡಕ ತೆಗೆದು ಒರೆಸುತ್ತ ನನ್ನ ಕಡೆ ತಿರುಗಿದರು.

"ವಕೀಲ್ರೇ, ಭಾಷಣ ಭಾರಿ ಲಾಯ್ಕ ಆಯ್ತು. ನನ್ನ ಹೋಟೆಲಿನ ಸಾಂಬಾರು ಹೇಗುಂಟು ಅಂತ ತಿಳಿಯಲಿಕ್ಕೆ ನೀವು ಅಡುಗೆಕೋಣೆಯ ಕಿಟಕಿಯಲ್ಲಿ ಇಣುಕ್ತೀರೋ, ತಿಂದವನ ಹತ್ತಿರ ಕೇಳ್ತೀರೋ?"

ಎಲ್ಲರೂ ನಕ್ಕರು. ನನಗೆ ರೇಗಿತು. ಬೋಟಿನವರ ಹೇಳಿಕೆ ಬೇಕಿದ್ದರೆ ಅದನ್ನೂ ತರುತ್ತೇನೆ ಎಂದೆ. ಹಾಗಾದರೆ ತನ್ನಿ ಎಂದು ಅವರು ಸಭೆಯನ್ನು ಹತ್ತು ದಿನ ಮುಂದೂಡಿದರು. ಶೆಟ್ಟರಿಗೂ ಇದರಲ್ಲಿ ಪಾಲಿರಬಹುದೇ ಎಂಬ ಸಂಶಯ ಮನೆಗೆ ಹೋಗುವ ದಾರಿಯಲ್ಲೇ ನನಗೆ ಹುಟ್ಟಿತು. ಅಂದಿನ ನನ್ನ ತಲೆಯಲ್ಲಿ ಅದಕ್ಕೆಲ್ಲ ಬೇಕಾದಷ್ಟು ಜಾಗವಿತ್ತು.

ನಾಲ್ಕನೆಯ ದಿನ ಬಂದರಿನಿಂದ ದೋಣಿ ಹತ್ತಿ ಹೊಳೆ ದಾಟಿ ಬೆಂಗ್ರೆಗೆ ಹೋದೆ. ಪಟ್ಟಿಯಲ್ಲಿದ್ದ ಹೆಚ್ಚಿನ ಬೋಟುಗಳು ಅಲ್ಲಿನವು. ಮಳೆಗಾಲದಲ್ಲಿ ಕಡಲಿಗಿಳಿಯದ ಬೋಟುಗಳನ್ನು ದಡಕ್ಕೆ ಎಳೆದು ನಿಲ್ಲಿಸಿದ್ದರು. ನೂಲ ಹುಣ್ಣಿಮೆಯಂದು ಸಮುದ್ರ ಪೂಜೆ ಮಾಡಿ ಮತ್ತೆ ಇಳಿಸುತ್ತಾರೆ. ಅದಕ್ಕಾಗಿ ಬಣ್ಣ ಬಳಿಯುವ ಕೆಲಸ ಆಗಲೇ ಶುರುವಾಗಿತ್ತು. ಪಟ್ಟಿಯ ಇಪ್ಪತ್ತೇಳನೆಯ ನಂಬರಿನ ಬೋಟು ಸಿಕ್ಕಿತು. ಏಣಿ ಹತ್ತಿ ಚುಕ್ಕಾಣಿಯ ಪಕ್ಕಕ್ಕೆ ನೋಡಿದೆ. ಅಲ್ಲಿ ಖಾಲಿ ಹಲಗೆ, ಅದರಲ್ಲಿ ನಾಲ್ಕು ಬೋಲ್ಟಿನ ತೂತು. ಯಂತ್ರ ಇಲ್ಲ. ನನ್ನ ವಾದಕ್ಕೆ ಇನ್ನೇನು ಬೇಕು?

ಬೋಟಿನ ಮಾಲೀಕ ಐತಪ್ಪಣ್ಣ ಕೆಳಗೆ ಬಲೆ ಹೊಲಿಯುತ್ತ ಕುಳಿತಿದ್ದರು. ಅರುವತ್ತರ ಆಸುಪಾಸಿನ ಮನುಷ್ಯ. ತುಳುವಿನಲ್ಲಿ ಪರಿಚಯ ಹೇಳಿಕೊಂಡೆ. ಅವರು ತಲೆ ಎತ್ತಲಿಲ್ಲ.

"ನಿಮ್ಮನ್ನು ಕಳುಹಿಸಿದ್ದು ಯಾರು?"

ಯಾರೂ ಅಲ್ಲ, ನಾನು ಕಂಪನಿಯ ಶೇರುದಾರಳು ಎಂದೆ. ಅಂದರೆ ಎಂತ ಎಂದು ಕೇಳಿದರು. ಕಂಪನಿಯಲ್ಲಿ ನನಗೂ ಒಂದು ಸಣ್ಣ ಪಾಲುಂಟು ಎಂದು ವಿವರಿಸಿದೆ. ಅವರ ಸೂಜಿ ನಿಂತಿತು.

"ಹಾಗಾದರೆ ಪಟ್ಟಿ ಓದಿದವರು ನೀವೇ. ನನ್ನ ಬೋಟಿನ ಹೆಸರು ಬಂದರಿನ ದಕ್ಕೆಯಲ್ಲಿ ಎಲ್ಲರ ಬಾಯಲ್ಲುಂಟು ಈಗ."

ನನ್ನ ಮೇಲೆ ಅವರಿಗೆ, ಅವರ ಮೇಲೆ ನನಗೆ ಸಂಶಯ. ಅರ್ಧ ಗಂಟೆ ಹಾಗೆಯೇ ಕಳೆಯಿತು. ನಾನು ಯಂತ್ರ ನಿಜವಾಗಿ ಕೊಂಡದ್ದೇ ಎಂದು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಿದ್ದೆ. ಅವರು ನಾನು ಯಾವ ಟ್ರಾಲರಿನವರ ಕಡೆಯವಳು ಎಂದು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಿದ್ದರು. ಕೊನೆಗೆ ಅವರು ಒಂದೇ ಒಂದು ಪ್ರಶ್ನೆ ಇಟ್ಟರು.

"ಆಚಾರ್ರು ನಿಮಗೆ ಬಾಗಿಲು ತೆಗೆದರಾ?"

"ಇಲ್ಲ. ಕಿಟಕಿಯಿಂದ ನೋಡಿದೆ."

"ಎಂತ ಕಂಡಿತು?"

"ಬೆನ್ನು ಮಾತ್ರ. ಎಲ್ಲ ಗೋಡೆಗೆ ಮುಖ ಮಾಡಿ ಇದ್ದವು."

ಐತಪ್ಪಣ್ಣ ಮೊದಲ ಬಾರಿಗೆ ನನ್ನ ಮುಖ ನೋಡಿದರು. ಆಚಾರ್ರು ಮಾತಿಗೆ ತಪ್ಪದ ಮನುಷ್ಯ ಎಂದು ಮೆಲ್ಲಗೆ ಹೇಳಿ, ಎದ್ದು ಮನೆಯ ಕಡೆ ನಡೆದರು. ಹಿಂದೆ ಹೋಗಬೇಕೋ ಬೇಡವೋ ತಿಳಿಯದೆ ನಾನೂ ಹೋದೆ. ಒಲೆಯ ಮೇಲಿನ ಅಟ್ಟದಿಂದ ಟಾರ್ಪಾಲಿನಲ್ಲಿ ಸುತ್ತಿದ ಪೆಟ್ಟಿಗೆಯನ್ನು ಇಳಿಸಿದರು. ಹೆಗಲಿನ ಟವೆಲನ್ನು, ಅಂದರೆ ಬೈರಾಸನ್ನು, ತೆಗೆದು ಡಯಲಿನ ಮೇಲೆ ಹೊದಿಸಿ, ಅದು ಜಾರದಂತೆ ಒಂದು ಕೈಯಿಂದ ಒತ್ತಿ ಹಿಡಿದು, ಬೆನ್ನಿನ ಹಿತ್ತಾಳೆ ತಗಡನ್ನು ನನಗೆ ತೋರಿಸಿದರು. ಇಪ್ಪತ್ತೇಳು. ಒಂದೂವರೆ ವರ್ಷದ ಹಿಂದೆ ಕೊಂಡದ್ದು ಎಂದು ರಶೀದಿಯನ್ನೂ ತೋರಿಸಿದರು.

ಆಮೇಲೆ ಅವರು ಹೇಳಿದ್ದನ್ನು ಇಷ್ಟರಲ್ಲಿ ಬರೆಯುತ್ತೇನೆ. ಕಡಲಿನಲ್ಲಿ ಮೀನು ಎಲ್ಲ ಕಡೆಯೂ ಇರುವುದಿಲ್ಲ. ತಳದಲ್ಲಿ ಕಲ್ಲುಬಂಡೆ ಇರುವ ಜಾಗಗಳ ಸುತ್ತ ಇರುತ್ತದೆ. ದಡದ ಯಾವ ಗುಡ್ಡ ಯಾವ ಗುರುತಿನ ನೇರಕ್ಕೆ ಬಂದಾಗ, ಎಷ್ಟು ಮಾರು ಆಳದಲ್ಲಿ ಆ ಜಾಗ ಸಿಗುತ್ತದೆ ಎಂಬುದು ಒಂದೊಂದು ಬೋಟಿನ ಗುಟ್ಟು. ತಂದೆಯಿಂದ ಮಗನಿಗೆ ಹೋಗುವ ಆಸ್ತಿ. ಎಕೋ ಸೌಂಡರ್ ಬಂದ ಮೇಲೆ ಬೆಂಗ್ರೆಯವರು ಆ ಗುರುತುಗಳನ್ನು ಮೊಳೆಯಿಂದ ಡಯಲಿನ ಸುತ್ತಲೇ ಗೀಚಿಕೊಂಡರು. ಕಾಗದ ಒದ್ದೆಯಾಗುತ್ತದೆ, ಡಯಲು ಆಗುವುದಿಲ್ಲ. ಮಳೆಗಾಲ ಬಂದಾಗ ತೊಂದರೆ ಶುರುವಾಯಿತು. ದಡಕ್ಕೆ ಎಳೆದ ಬೋಟಿನಲ್ಲಿ ಯಂತ್ರ ಬಿಟ್ಟರೆ ಉಪ್ಪಿನ ತೇವಕ್ಕೆ ಕೊಳೆಯುತ್ತದೆ. ಪರರ ಮನೆಯಲ್ಲಿಟ್ಟರೆ ಗುಟ್ಟು ಹೋಗುತ್ತದೆ. ಆಚಾರ್ಯರು ತಾವಾಗಿ ಒಪ್ಪಿಕೊಂಡರು. ಜೂನಿನಿಂದ ಮೂರು ತಿಂಗಳು ಯಂತ್ರಗಳನ್ನು ಬಲ್ಬಿನ ಬಿಸಿಯಲ್ಲಿ ಒಣಗಿಸಿ ಇಡುತ್ತೇನೆ, ತುಕ್ಕು ಹಿಡಿದ ಭಾಗ ಬದಲಿಸುತ್ತೇನೆ, ಹಣ ಬೇಡ, ಯಾರಿಗೂ ತೋರಿಸುವುದಿಲ್ಲ, ಅಲ್ಲಿವೆ ಎಂದು ಯಾರಿಗೂ ಹೇಳುವುದೂ ಇಲ್ಲ ಎಂದು. ಯಾಕೆಂದರೆ ಬೆಂಗ್ರೆಯ ಕಡಲೆಲ್ಲ ಒಂದು ಮರದ ಬಾಗಿಲಿನ ಹಿಂದೆ ಇದೆ ಎಂದು ದೊಡ್ಡ ಬೋಟಿನವರಿಗೆ ತಿಳಿದರೆ ಆ ಬಾಗಿಲು ಎಷ್ಟು ದಿನ ಉಳಿದೀತು?

ಆ ದೊಡ್ಡ ಬೋಟಿನವರು ಮೂವರು ನಮ್ಮ ಸಭೆಯ ಎರಡನೆಯ ಸಾಲಿನಲ್ಲಿ ಇದ್ದರು. ಕೋಣೆ ಎಲ್ಲಿ, ಒಳಗೆ ಏನು, ಯಾವ ನಂಬರು ಯಾರದು ಎಂದು ಸ್ಪಷ್ಟ ಉಚ್ಚಾರಣೆಯಲ್ಲಿ ನಾನೇ ಅವರಿಗೆ ಓದಿ ಹೇಳಿದ್ದೆ.

ಆಚಾರ್ಯರು ಸಭೆಯಿಂದ ನೇರವಾಗಿ ಬೆಂಗ್ರೆಗೆ ಹೋಗಿ, ಗುಟ್ಟು ಹೊರಗೆ ಬಿತ್ತು, ನಿಮ್ಮ ನಿಮ್ಮ ಯಂತ್ರ ಕೊಂಡುಹೋಗಿ ಎಂದಿದ್ದರಂತೆ. ಯಾರು ಹೊರಗೆ ಹಾಕಿದ್ದು ಎಂದು ಕೇಳಿದ್ದಕ್ಕೆ ನನ್ನ ಹೆಸರನ್ನೂ ಹೇಳಿರಲಿಲ್ಲ. ಎರಡೇ ದಿನದಲ್ಲಿ ಮೂವತ್ತಮೂರೂ ಮಳೆಯಲ್ಲಿ ದೋಣಿಯೇರಿ ಹೊಳೆ ದಾಟಿ ಮನೆಮನೆಯ ಅಟ್ಟ ಸೇರಿದ್ದವು.

ನನಗೆ ತಿಳಿದದ್ದನ್ನು ಸಭೆಯಲ್ಲಿ ಹೇಳಲೇ ಎಂದು ಐತಪ್ಪಣ್ಣನನ್ನು ಕೇಳಿದೆ. ಕೋಣೆ ಖಾಲಿಯಾಯಿತಲ್ಲ, ಇನ್ನೇನು ಹೆದರಿಕೆ ಎಂಬುದು ನನ್ನ ತರ್ಕ. ಅವರು ಬೈರಾಸನ್ನು ಡಯಲಿನ ಮೇಲಿಂದ ತೆಗೆಯಲಿಲ್ಲ.

"ಈಗ ಅದು ನಮ್ಮ ಮನೆಗಳಲ್ಲುಂಟು ಅಕ್ಕ. ಡಯಲಿನ ಮೇಲೆ ಎಂತ ಉಂಟು ಅಂತ ಅವರಿಗೆ ಇನ್ನೂ ಸರಿಯಾಗಿ ಗೊತ್ತಿಲ್ಲ. ನೀವು ಹೇಳಿದರೆ ಗೊತ್ತಾಗ್ತದೆ. ಆಚಾರ್ರು ಹೇಳಲಿಲ್ಲ. ನೀವು ಹೇಳ್ತೀರಾ?"

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮುಂದೂಡಿದ ಸಭೆಯ ದಿನ ಮಹಡಿ ತುಂಬಿತ್ತು. ಬೋಟಿನವರ ಹೇಳಿಕೆಗಳನ್ನು ತಂದಿದ್ದೀರಾ ಎಂದು ಶೆಟ್ಟರು ಕೇಳಿದರು. ನಾನು ಎದ್ದು ನಿಂತು, ಆ ನಲವತ್ತೊಂದು ಯಂತ್ರಗಳ ಮಾರಾಟವೂ ನಿಜ, ನಾನು ಮಾಡಿದ ಆರೋಪ ತಪ್ಪು, ಆಚಾರ್ಯರ ಕ್ಷಮೆ ಕೇಳುತ್ತೇನೆ, ಠರಾವನ್ನು ಹಿಂದಕ್ಕೆ ಪಡೆಯುತ್ತೇನೆ ಎಂದೆ. ಹಾಗಾದರೆ ಅವು ಆ ಕೋಣೆಯಲ್ಲಿ ಏಕಿದ್ದವು ಎಂದು ನಿವೃತ್ತ ಮಾಸ್ತರರೊಬ್ಬರು ಕೇಳಿದರು. ನನ್ನ ಮಾತನ್ನು ನಂಬಿ ಹಣ ಹಾಕಿದ ಹನ್ನೊಂದು ಜನರಲ್ಲಿ ಅವರೂ ಒಬ್ಬರು. ಕಾರಣ ಹೇಳಲು ನನಗೆ ಸ್ವಾತಂತ್ರ್ಯವಿಲ್ಲ ಎಂದೆ.

ಸಭೆಯಲ್ಲಿ ಗದ್ದಲವಾಯಿತು. ಹತ್ತು ದಿನದಲ್ಲಿ ಎಷ್ಟು ಸಿಕ್ಕಿತು ವಕೀಲ್ರೇ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಟ್ರಾಲರ್ ಮಾಲೀಕರಲ್ಲಿ ಒಬ್ಬರು ಬಹಳ ವಿನಯದಿಂದ, ಸತ್ಯವೇ ಆಗಿದ್ದರೆ ಮೇಡಂ ಹೇಳಬಹುದಲ್ಲ, ಇಲ್ಲಿ ನಾವೆಲ್ಲ ಪಾಲುದಾರರೇ ಅಲ್ಲವೇ ಎಂದರು. ಅವರ ಕಣ್ಣು ಏನನ್ನು ಹುಡುಕುತ್ತಿದೆ ಎಂದು ಈಗ ನನಗೆ ಗೊತ್ತಿತ್ತು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಒಂದು ವಾಕ್ಯದಲ್ಲಿ ನನ್ನ ಮಾನ ಉಳಿಯುತ್ತಿತ್ತು. ಜೀವಮಾನದಲ್ಲೇ ಮೊದಲ ಬಾರಿಗೆ ವೇದಿಕೆಯ ಮುಂದೆ ಬಾಯಿ ಮುಚ್ಚಿ ನಿಂತೆ. ಆಚಾರ್ಯರು ಎದುರಿನ ಕುರ್ಚಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ಹತ್ತು ದಿನದ ಹಿಂದೆ ಅವರು ನಿಂತದ್ದು ಇದೇ ಜಾಗದಲ್ಲಿ, ಹೀಗೆಯೇ.

ಠರಾವನ್ನು ಹಿಂದಕ್ಕೆ ಪಡೆಯಲು ಸಹಿ ಹಾಕಿದ ಇತರರು ಒಪ್ಪಲಿಲ್ಲ. ಮತಕ್ಕೆ ಹಾಕಬೇಕಾಯಿತು. ಎಲ್ಲವೂ ಶೆಟ್ಟರ ಪಾಲಿನ ಮೇಲೆ ನಿಂತಿತು. ಅವರು ಎದ್ದು ಹೇಳಿದ ಮಾತು ನಡಾವಳಿಯಲ್ಲಿ ಇಲ್ಲ, ನನ್ನ ನೆನಪಿನಲ್ಲಿದೆ.

"ನನಗೆ ಎಂತದೂ ಗೊತ್ತಿಲ್ಲ ಮಾರಾಯ್ರೇ. ಅವತ್ತು ಆಚಾರ್ರು ಬಾಯಿ ಬಿಡಲಿಲ್ಲ, ಇವತ್ತು ಇವರು ಬಿಡುವುದಿಲ್ಲ. ಒಳಗೆ ಕಳ್ಳತನ ಇದ್ದಿದ್ದರೆ ಭಟ್ರ ಮಗಳ ಬಾಯಿಯನ್ನು ಮುಚ್ಚಲಿಕ್ಕೆ ಈ ಊರಿನಲ್ಲಿ ಯಾರಿಂದಲೂ ಆಗುವುದಿಲ್ಲ. ನನ್ನ ಮತ ಮುಚ್ಚುವುದಕ್ಕೆ ಇಲ್ಲ."

ಹೆಚ್ಚಿನವರು ಠರಾವಿನ ಪರವಾಗಿಯೇ ಕೈ ಎತ್ತಿದರು. ಆದರೂ ಶೇರುಗಳ ಲೆಕ್ಕದಲ್ಲಿ ಬೇಕಾದ ಮುಕ್ಕಾಲು ಪಾಲು ಬರಲಿಲ್ಲ. ಕಂಪನಿ ಉಳಿಯಿತು.

ಉಳಿಯಿತು ಎಂದರೆ ಏಟು ಬೀಳಲಿಲ್ಲ ಎಂದಲ್ಲ. ನೂಲ ಹುಣ್ಣಿಮೆ ಕಳೆದು ಬೋಟುಗಳು ಇಳಿದಾಗ ಆ ಮೂವತ್ತಮೂರರಲ್ಲಿ ಹತ್ತೊಂಬತ್ತು ಯಂತ್ರಗಳು ಉರಿಯಲಿಲ್ಲ. ಹೊಗೆ ಮತ್ತು ತೇವ ತಮ್ಮ ಕೆಲಸ ಮಾಡಿದ್ದವು. ಆಚಾರ್ಯರು ಅವನ್ನೆಲ್ಲ ಪುಕ್ಕಟೆಯಾಗಿ ಸರಿಮಾಡಿದರು. ಸೊಲ್ಡರಿಂಗ್ ಮೇಜಿನ ಹನ್ನೆರಡು ಜನರಲ್ಲಿ ಮೂವರು ಆ ವರ್ಷ ಕೆಲಸ ಬಿಡಬೇಕಾಯಿತು. ಅವರಲ್ಲಿ ಒಬ್ಬಳು ಮುಂದೆ ತೊಕ್ಕೊಟ್ಟಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಎದುರಾದಾಗಲೆಲ್ಲ ಅವಳು ನಕ್ಕು ಮಾತಾಡುತ್ತಿದ್ದಳು. ನನಗೆ ಅವಳ ಮುಖ ನೋಡಿ ಮಾತಾಡಲು ಆಗುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಆಚಾರ್ಯರ ಶೆಡ್ಡಿಗೆ ಹೋದೆ. ಅಂದೇ ನಾನು ನಿಮ್ಮನ್ನು ಕೇಳಿದ್ದರೆ ಹೇಳುತ್ತಿದ್ದಿರಾ ಎಂದೆ. ಅವರು ಸೊಲ್ಡರಿಂಗ್ ಕಡ್ಡಿಯನ್ನು ಕೆಳಗಿಟ್ಟರು.

"ಹೇಳ್ತಿದ್ದೆ ಅಂತ ಹೇಳ್ಲಿಕ್ಕೆ ಆಗುವುದಿಲ್ಲ ಅಕ್ಕ. ಆದರೆ ಒಮ್ಮೆ ಬೆಂಗ್ರೆಗೆ ಹೋಗಿ ಬನ್ನಿ ಅಂತ ಹೇಳ್ತಿದ್ದೆ."

ಮೇಜಿನ ಮೇಲೆ ಹೊಸ ಮಾದರಿಯ ಪೆಟ್ಟಿಗೆ ಇತ್ತು. ಡಯಲಿನ ಸುತ್ತ ಎರಡು ತಿರುಪಿನಿಂದ ಕೂರಿಸಿದ ಬಿಡಿ ಅಲ್ಯೂಮಿನಿಯಂ ಬಳೆ. ಗುರುತುಗಳನ್ನು ಅದರ ಮೇಲೆ ಗೀಚಿಕೊಂಡು, ಮಳೆಗಾಲದಲ್ಲಿ ಬಳೆಯನ್ನು ಬಿಚ್ಚಿ ಮನೆಯಲ್ಲಿಟ್ಟುಕೊಂಡು, ಯಂತ್ರವನ್ನು ಮಾತ್ರ ಕಾರ್ಖಾನೆಗೆ ಕಳುಹಿಸಬಹುದು. ಅದನ್ನು ನೋಡ ನೋಡುತ್ತ ನನಗೂ ಒಂದು ಕೆಲಸ ತೋಚಿತು. ಕಂಪನಿ ಏಕೆ ಸೊರಗುತ್ತಿತ್ತು ಎಂಬ ನನ್ನ ಮೂಲ ಪ್ರಶ್ನೆಗೆ ಉತ್ತರ ಆ ಕೋಣೆಯಲ್ಲೇ ಇತ್ತು. ವರ್ಷದ ಕಾಲು ಭಾಗ ಅವರು ಹಣ ಪಡೆಯದೆ ದುಡಿಯುತ್ತಿದ್ದರು, ಅದನ್ನು ಯಾವ ವರದಿಯಲ್ಲೂ ಬರೆಯಲಾಗುತ್ತಿರಲಿಲ್ಲ. ಮುಂದಿನ ಮಳೆಗಾಲದಿಂದ ಯಂತ್ರದ ಆರೈಕೆಗೆ ಒಂದು ಸಣ್ಣ ಶುಲ್ಕ ಇಡೋಣ ಎಂದೆ. ಬೋಟಿನವರು ಒಪ್ಪಲಿಕ್ಕಿಲ್ಲ ಎಂದು ಅವರು ಹಿಂಜರಿದರು. ಈ ಬಾರಿ ನಾನೇ ಬೆಂಗ್ರೆಗೆ ಹೋಗಿ ಕೇಳಿಕೊಂಡು ಬಂದೆ. ಐತಪ್ಪಣ್ಣ ಒಪ್ಪಿದರು, ಉಳಿದವರನ್ನು ಒಪ್ಪಿಸಿದರು. ಎರಡು ವರ್ಷದ ಮೇಲೆ ಮೊದಲ ಲಾಭಾಂಶ ಬಂತು, ಸಣ್ಣದು. ಆ ದಶಕದ ಕೊನೆಯಲ್ಲಿ ಹೊರದೇಶದ ಹೊಸ ಯಂತ್ರಗಳು ಅಗ್ಗವಾದಾಗ ಆಚಾರ್ಯರು ಎಲ್ಲರಿಗೂ ಕೊಡಬೇಕಾದದ್ದನ್ನು ಕೊಟ್ಟು ಕಂಪನಿಯನ್ನು ಮುಚ್ಚಿದರು. ಆ ಠರಾವನ್ನು ಬರೆದವಳೂ ನಾನೇ. ಒಬ್ಬರೂ ವಿರೋಧಿಸಲಿಲ್ಲ.

ಇಷ್ಟು ವರ್ಷ ಈ ವಿಷಯವನ್ನು ಬರೆಯಲಿಲ್ಲ. ಈಗ ಬೋಟುಗಳಲ್ಲಿ ಉಪಗ್ರಹದ ಯಂತ್ರಗಳಿವೆ, ಮೊಳೆಯ ಗುರುತುಗಳು ಯಾರಿಗೂ ಬೇಡ. ಐತಪ್ಪಣ್ಣ ತೀರಿಕೊಳ್ಳುವ ಮೊದಲು, ಇನ್ನು ಹೇಳಬಹುದು ಎಂದು ಅವರೇ ಅಂದರು.

ಸಂಶಯಪಡುವುದನ್ನು ನಾನು ಇಂದಿಗೂ ಬಿಟ್ಟಿಲ್ಲ. ಶೇರುದಾರನಿಗೆ ಅದು ಬೇಕು. ಮೋಸ ಮಾಡುವ ಕಂಪನಿಗಳನ್ನು ಆಮೇಲೆ ಬೇಕಾದಷ್ಟು ಕಂಡಿದ್ದೇನೆ, ಕೆಲವನ್ನು ನ್ಯಾಯಾಲಯದವರೆಗೂ ಎಳೆದಿದ್ದೇನೆ. ಆದರೆ ಆ ಆಗಸ್ಟ್ ತಿಂಗಳಿನಿಂದ ಈಚೆಗೆ, ಎದುರಿನವರು ಸುಮ್ಮನಾದರೆ ನನಗೆ ಗೆದ್ದೆನೆಂಬ ಸಂತೋಷ ಆಗುವುದಿಲ್ಲ. ಅವರು ಯಾರಿಗಾಗಿ ಸುಮ್ಮನಿದ್ದಾರೆ ಎಂದು ಹುಡುಕಲು ಹೊರಡುತ್ತೇನೆ.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಬಾರಿ ನಿಮ್ಮ ಮನೆಗೆ ಒಂದು ಕಂಪನಿಯ ಸಭೆಯ ನೋಟಿಸು ಬಂದರೆ, ಕೈ ಎತ್ತಲು ಹೋಗುವ ಮೊದಲು ಒಂದು ದಿನ ಬಿಡುವು ಮಾಡಿಕೊಳ್ಳಿ. ಆ ಕಂಪನಿಯ ವಸ್ತುವನ್ನು ಬಳಸುವ ಒಬ್ಬರನ್ನು ಹುಡುಕಿ, ಬಸ್ಸೋ ದೋಣಿಯೋ ಹತ್ತಿ ಅವರ ಹತ್ತಿರ ಹೋಗಿ, ಕುಳಿತು ಕೇಳಿ ಬನ್ನಿ.